ಬೂದಿಯ ಎಡಗಿವಿ

ಬೋನಿನ ಬಾಗಿಲು ಬಿದ್ದ ಸದ್ದು ಅವಳ ಕಿವಿಯಿಂದ ಇನ್ನೂ ಹೋಗಿರಲಿಲ್ಲ. ಕೈಯಲ್ಲಿ ಯಾರದೋ ಹಳೆಯ ಕಟ್ಟುಹಲ್ಲು. ಮುಂದಿನದೊಂದು ಉದುರಿದೆ, ಅದಕ್ಕೆ ಜೋಡಿ ಹುಡುಕಬೇಕು. ಎದುರಿಗೆ ಮಾದರಿ ಹಲ್ಲುಗಳ ಸಾಲು, ಕಿಟಕಿಯ ಬೆಳಕು ಸರಿಯಾಗಿ ಮೇಜಿನ ಮೇಲೆ. ಬಣ್ಣ ಹೊಂದಿಸಲು ದಿನದಲ್ಲಿ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. ಹಲ್ಲು ಬಿಳಿ ಎನ್ನುವವರು ಹಲ್ಲನ್ನು ಸರಿಯಾಗಿ ನೋಡಿದವರಲ್ಲ. ಹಳದಿಗೆ ವಾಲಿದ ಬಿಳಿ, ಬೂದಿಗೆ ವಾಲಿದ ಬಿಳಿ, ಚಹಾ ಕುಡಿದು ಕುಡಿದು ಅಂಚಿನಲ್ಲಿ ಕಂದಿದ ಬಿಳಿ, ಇವೆಲ್ಲ ಅವಳಿಗೆ ನೆಂಟರಿಷ್ಟರ ಮುಖದಷ್ಟೇ ಗುರುತು. ಹಲ್ಲು ಕಟ್ಟುವ ಆ ಲ್ಯಾಬಿನ ಯಜಮಾನರು ಹೊಸಬರು ಬಂದಾಗಲೆಲ್ಲ 'ಅನುಮಾನ ಬಂದ್ರೆ ಅವರಿಗೆ ತೋರಿಸಿ, ಅವರ ಕಣ್ಣು ತಪ್ಪಲ್ಲ' ಎಂದು ಅವಳತ್ತ ಕೈ ಮಾಡುತ್ತಿದ್ದರು. ಆಗ ಅವಳು ತಲೆ ಎತ್ತುತ್ತಿರಲಿಲ್ಲ. ಆದರೆ ಆ ಮಾತು ಕಿವಿಗೆ ಬೀಳಲೆಂದು ಕೈಯಲ್ಲಿದ್ದ ಯಂತ್ರವನ್ನು ಸುಮ್ಮನೆ ನಿಲ್ಲಿಸುತ್ತಿದ್ದಳು. ಇವತ್ತು ಮಾತ್ರ ಎರಡು ಮಾದರಿಗಳನ್ನು ಪಕ್ಕಪಕ್ಕ ಹಿಡಿದು, ತಿರುಗಿಸಿ, ಮತ್ತೆ ಹಿಡಿದು, ಯಾವುದನ್ನೂ ಆರಿಸಲಾಗದೆ ಕೂತಿದ್ದಳು.

ಅಷ್ಟು ಸಣ್ಣ ಬೆಕ್ಕಿನ ಮೇಲೆ ಅಷ್ಟು ದೊಡ್ಡ ಸದ್ದು ಬೀಳಬಹುದೆಂದು ಅವಳು ಎಣಿಸಿರಲಿಲ್ಲ. ಬೆಳಕು ಹರಿಯುವ ಮುಂಚೆ ಹಿತ್ತಲ ಗೋಡೆಯ ಬುಡದಲ್ಲಿ ಬೋನು ಇಟ್ಟು, ಒಳಗೆ ಡಬ್ಬಿ ಮೀನಿನ ಒಂದು ತುಣುಕು ಹಾಕಿ, ಬಚ್ಚಲ ಕಿಟಕಿಯ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದಳು. ಹಿಂದಿನ ಸಂಜೆ ಊಟ ಹಾಕಬಾರದು ಎಂದು ಪ್ರಾಣಿ ಆಸ್ಪತ್ರೆಯವರು ಹೇಳಿದ್ದರಿಂದ ಹಾಕಿರಲಿಲ್ಲ. ಬೂದಿ, ಬೆಕ್ಕಿಗೆ ಅವಳೇ ಇಟ್ಟ ಹೆಸರು, ಗೋಡೆಯ ಮೇಲೆ ಕೂತು ಕತ್ತಲಾಗುವ ತನಕ ಅಡುಗೆಮನೆಯ ಬಾಗಿಲನ್ನೇ ನೋಡಿ ಹೋಗಿದ್ದಳು. ಬೂದು ಮೈ, ಗಂಟಲಲ್ಲಿ ಬಿಳಿ ಮಚ್ಚೆ, ಮೂಗಿನ ಪಕ್ಕದಲ್ಲಿ ಮಸಿ ಒರಸಿದಂಥ ಗುರುತು. ಯಾರ ಮನೆಯದೂ ಅಲ್ಲ, ಮುಟ್ಟಿಸಿಕೊಳ್ಳುವವಳೂ ಅಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬರುವುದು, ತಟ್ಟೆ ಇಟ್ಟು ಇವಳು ಒಳಗೆ ಹೋದ ಮೇಲೆ ಇಳಿಯುವುದು, ತಿಂದು ಗೋಡೆ ಹಾರುವುದು. ಗೋಡೆಯಾಚೆ ಏನಿದೆ, ಉಳಿದ ಹೊತ್ತು ಎಲ್ಲಿರುತ್ತಾಳೆ, ಯಾಕೋ ಇವಳು ಯಾವತ್ತೂ ಯೋಚಿಸಿರಲಿಲ್ಲ. ಬೂದಿ ಎಂದರೆ ಗೋಡೆಯಿಂದ ಈಚೆಗೆ ಇರುವವಳು. ಬೆಳಿಗ್ಗೆ ದುಂಡಗೆ ಕಾಣುವವಳು ಸಂಜೆಗೆ ಸೊರಗಿರುತ್ತಿದ್ದುದು ಒಂದು ಸೋಜಿಗ. ಅಕ್ಕನಿಗೆ ಹೇಳಿದರೆ ಅಕ್ಕ, 'ನಿನ್ನ ಥರಾನೇ. ಕೆಲಸ ಮುಗಿಸಿ ಬರೋಷ್ಟರಲ್ಲಿ ಅರ್ಧ ಕರಗಿರ್ತಾಳೆ' ಎಂದು ನಕ್ಕಿದ್ದಳು. ಆಮೇಲೆ ಇಬ್ಬರೂ ಅದನ್ನು ಮರೆತಿದ್ದರು.

ಕತ್ತಲಲ್ಲಿ ಬಾಗಿಲು ಬಿತ್ತು. ಬೂದಿ ಕಿರುಚಲಿಲ್ಲ. ಕಿರುಚಿದ್ದರೆ ವಾಸಿಯಿತ್ತು. ಬೋನಿನ ತುದಿಗೆ ಮೈ ಒತ್ತಿ ಮುದುಡಿ, ಮುಚ್ಚಿದ ಟವೆಲ್ಲಿನ ಸಂದಿಯಿಂದ ಆಸ್ಪತ್ರೆಯ ತನಕ ಇವಳನ್ನೇ ನೋಡಿದಳು. ಅಲ್ಲಿ ಡಾಕ್ಟರಮ್ಮ, ಅವಳಿಗಿಂತ ಎಷ್ಟೋ ಚಿಕ್ಕವಳು, ಅಂಗಿಯ ತೋಳು ಮಡಚುತ್ತ, 'ಬೆಕ್ಕು ನಿಮ್ಮದಾ, ಬೀದೀದಾ?' ಎಂದು ಕೇಳಿದಳು. ಬೀದಿಯದು ಎಂದರೆ ಸಾಕಿತ್ತು. ಬೀದಿಯದಾಗಲಿ, ಹೊರಗೆ ಓಡಾಡುವ ಸಾಕಿದ್ದಾಗಲಿ, ಬೆಕ್ಕಿಗೆ ಮರಿಯಾಗದಂತೆ ಹೊಟ್ಟೆಯ ಆಪರೇಶನ್ ಮಾಡಿ, ಎಡಗಿವಿಯ ತುದಿಯನ್ನು ಚೂರು ಕತ್ತರಿಸಿ ಕಳಿಸುತ್ತಾರೆ. ಆಪರೇಶನ್ ಆದದ್ದು ದೂರದಿಂದಲೇ ಗೊತ್ತಾಗಲಿ, ಇನ್ನೊಮ್ಮೆ ಯಾರೂ ಹಿಡಿಯದಿರಲಿ ಎಂದು. ಆದರೆ ಅವಳ ಬಾಯಿಂದ ಬಂದದ್ದು 'ನಂದೇ' ಎಂದು. 'ಮರಿ ಇದಾವಾ? ಹಾಲು ಕುಡಿಸ್ತಾ ಇರೋ ಲಕ್ಷಣ ಏನಾದ್ರೂ?' 'ಇಲ್ಲ ಡಾಕ್ಟ್ರೇ. ದಿನಾ ನೋಡ್ತೀನಲ್ಲ. ಇದರ ವಿಷಯ ನನಗೆಲ್ಲ ಗೊತ್ತು.' ಅಷ್ಟು ಹೇಳಿ ಎಲ್ಲಿ ಸಹಿ ಹಾಕಬೇಕೆಂದು ಕೇಳಿ, ಸಹಿ ಹಾಕಿದ್ದಳು. ಪೆನ್ನನ್ನು ಬೇಕಾದ್ದಕ್ಕಿಂತ ಹೆಚ್ಚು ಒತ್ತಿದ್ದಳು ಎಂಬುದು ಈಗ, ಮೇಜಿನ ಮುಂದೆ, ನೆನಪಾಯಿತು. ನಿನ್ನೆ ಕಾಲೇಜಿನ ಕೌಂಟರಿನಲ್ಲಿ ಪೆನ್ನು ಅವಳ ಕೈಗೆ ಬಂದು ವಾಪಸು ಹೋಗಿತ್ತು. ಅಕ್ಕನ ಮಗಳನ್ನು ಸೇರಿಸಲು ಹೋದದ್ದು. ಗುಬ್ಬಿ ಎಂದೇ ಎಲ್ಲರೂ ಕರೆಯುವ ಆ ಹುಡುಗಿಗೆ ಈಗ ಇವಳಿಗಿಂತ ಒಂದು ಗೇಣು ಎತ್ತರ. ಕೌಂಟರಿನಾತ ತಲೆ ಎತ್ತದೆ, 'ಅಮ್ಮ, ಇಲ್ಲೊಂದು ಸಹಿ ಹಾಕಿ' ಎಂದ. ಇವಳು ಬಗ್ಗಿದಳು. 'ಅಮ್ಮ ಅಲ್ಲ, ಚಿಕ್ಕಮ್ಮ' ಎಂದಳು ಗುಬ್ಬಿ. ತಪ್ಪೇನಿರಲಿಲ್ಲ, ಇದ್ದದ್ದನ್ನೇ ಹೇಳಿದ್ದಳು. ಆದರೆ ಎಷ್ಟು ಬೇಗ ಹೇಳಿದಳು! ಬಟ್ಟೆಗೆ ಕೊಳೆ ತಾಗುವ ಮುಂಚೆ ಎಳೆದುಕೊಂಡ ಹಾಗೆ. 'ಹಾಗಾದ್ರೆ ಆಗಲ್ಲ, ತಾಯಿ ಬರಬೇಕು' ಎಂದು ಆತ ಪೆನ್ನು ತೆಗೆದುಕೊಂಡ. ಹಿಂದೆ ನಿಂತವರು ಯಾರೋ ಮುಂದೆ ಸರಿದರು. ಅಕ್ಕ ರೈಲ್ವೆ ಟಿಕೆಟ್ ಕೌಂಟರಿನಲ್ಲಿ ತನ್ನ ಜಾಗಕ್ಕೆ ಯಾರನ್ನೋ ಕೂರಿಸಿ ಓಡಿ ಬಂದು ಸಹಿ ಹಾಕುವ ತನಕ ಇವಳು ಗೋಡೆಗೆ ಒರಗಿ ನೋಟಿಸು ಓದುತ್ತ ನಿಂತಿದ್ದಳು. ಅಕ್ಕನಿಗೆ ಬೇರೆ ಊರಲ್ಲಿ ಕೆಲಸವಿದ್ದ ವರ್ಷಗಳಲ್ಲಿ ಗುಬ್ಬಿಯ ಹಾಲುಹಲ್ಲುಗಳೆಲ್ಲ ಬಿದ್ದದ್ದು ಇವಳ ಅಂಗೈಯಲ್ಲೇ. ಒಂದೊಂದರ ಬಣ್ಣವೂ ನೆನಪಿದೆ.

ಫೋನು ಬಂದಾಗ ಕೈಯಲ್ಲಿ ಇನ್ನೂ ಅವೇ ಎರಡು ಮಾದರಿಗಳಿದ್ದವು.

'ನಿಮ್ಮ ಬೆಕ್ಕಿಗೆ ಹಾಲಿದೆ,' ಎಂದಳು ಡಾಕ್ಟರಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. 'ಮತ್ತಿನ ಇಂಜೆಕ್ಷನ್ ಕೊಟ್ಟು ತಿರುಗಿಸಿ ಮಲಗಿಸಿದಾಗ ಗೊತ್ತಾಯ್ತು. ಎಲ್ಲೋ ಮರಿ ಇದಾವೆ. ತುಂಬ ಚಿಕ್ಕವು ಇರಬೇಕು. ನೀವು ಇಲ್ಲ ಅಂದಿದ್ರಲ್ಲ.'

'ಆಪರೇಶನ್...'

'ಆಗೋಯ್ತು. ಅದರಿಂದ ಹಾಲು ನಿಲ್ಲಲ್ಲ, ಆ ಭಯ ಬೇಡ. ಆದ್ರೆ ಮತ್ತು ಪೂರ್ತಿ ಇಳಿಯದೆ ಬಿಡೋ ಹಾಗಿಲ್ಲ. ನಾಳೆ ಬೆಳಿಗ್ಗೆ ಬನ್ನಿ. ಅಷ್ಟರಲ್ಲಿ ಮರಿ ಎಲ್ಲಿದಾವೆ ಹುಡುಕಿ. ಒಂದು ರಾತ್ರಿ ತಡ್ಕೊಂಡ್ರೆ ತಡ್ಕೊಂಡ್ವು. ಇಲ್ಲಾಂದ್ರೆ ಇಲ್ಲ. ನಿಮಗೆ ಜಾಗ ಗೊತ್ತಿರುತ್ತಲ್ಲ?'

'ಹೂಂ,' ಎಂದಳು ಅವಳು. ಎರಡನೆಯ ಸುಳ್ಳು ಮೊದಲನೆಯದಕ್ಕಿಂತ ಸಲೀಸಾಗಿ ಬಂತು.

ಯಜಮಾನರಿಗೆ ಏನೆಂದು ಹೇಳುವುದು? ಬೆಕ್ಕಿಗೆ ಹಾಲು ಬಂದಿದೆ ಎಂದು ಅರ್ಧ ದಿನದ ರಜೆ ಕೇಳಿದವರು ಈ ಲ್ಯಾಬಿನಲ್ಲಿ ಯಾರೂ ಇರಲಿಕ್ಕಿಲ್ಲ. ಮನೆಯಲ್ಲಿ ತೊಂದರೆ ಎಂದಳು. ಅವರು 'ಮಗಳಿಗೆ ಹುಷಾರಿಲ್ವಾ?' ಎಂದು ಕೇಳಿದರು. ಇಷ್ಟು ವರ್ಷಗಳ ಮೇಲೂ ಅವರಿಗೆ ಸರಿಯಾಗಿ ಗೊತ್ತಿಲ್ಲ, ಇವಳೂ ತಿದ್ದಿರಲಿಲ್ಲ. ತಿದ್ದದೆ ಇದ್ದುದಕ್ಕೆ ಇವತ್ತು ಕೆನ್ನೆ ಬಿಸಿಯಾಯಿತು.

ಗೋಡೆಯಾಚೆ ಒಂದು ಓಣಿ ಇತ್ತು. ಇಷ್ಟು ಕಾಲ ಅದರ ಬೆನ್ನಿಗೇ ವಾಸ ಮಾಡಿಯೂ ಅವಳು ಅದನ್ನು ನೋಡಿರಲಿಲ್ಲ, ಏಕೆಂದರೆ ಅದು ಎಲ್ಲಿಗೂ ಹೋಗುವ ಓಣಿಯಲ್ಲ, ಮನೆಗಳು ತಮ್ಮ ಹಿಂಬದಿಯನ್ನು ಇಟ್ಟುಕೊಂಡ ಜಾಗ. ಒಗೆದ ನೀರು ಹರಿದ ಗುರುತು, ಏಸಿ ಯಂತ್ರಗಳ ಬಿಸಿ ಗಾಳಿ, ಒಂದು ಕಾಲಿಲ್ಲದ ಕುರ್ಚಿ, ಯಾರದೋ ಮನೆಯ ಬಚ್ಚಲಲ್ಲಿ ಯಾರೋ ಜೋರಾಗಿ ಹಾಡುತ್ತಿರುವುದು. ಅವಳು ಬಗ್ಗಿ ಬಗ್ಗಿ ನೋಡುತ್ತ ಹೋದಳು. ಪೈಪಿನ ಹಿಂದೆ, ಮೆಟ್ಟಿಲ ಕೆಳಗೆ, ನಿಂತುಹೋದ ಕಾರಿನ ಅಡಿ. ನಡುವಯಸ್ಸಿನ ಹೆಂಗಸು ಮಂಡಿಯೂರಿ ಕಾರಿನ ಕೆಳಗೆ ಮುಖ ಹಾಕಿದ್ದನ್ನು ನೋಡಿ ಬಾಲ್ಕನಿಯಿಂದ ಒಬ್ಬಾಕೆ, 'ಏನು ಕಳಕೊಂಡ್ರಿ?' ಎಂದು ಕೂಗಿ ಕೇಳಿದಳು. 'ಕೀ' ಎಂದಳು ಇವಳು. 'ಇಲ್ಲೇ ಎಲ್ಲೋ ಬಿತ್ತು.' ಆಕೆ ಒಳ್ಳೆಯವಳು, ಕೆಳಗಿಳಿದು ಬಂದು ತಾನೂ ಹುಡುಕತೊಡಗಿದಳು. ಇಬ್ಬರೂ ಬಹಳ ಹೊತ್ತು ಇಲ್ಲದ ಕೀಯನ್ನು ಹುಡುಕಿದರು. ಕೊನೆಗೆ ಇವಳು ಚೀಲದಿಂದ ತನ್ನ ಮನೆಯ ಕೀಯನ್ನೇ ಮೆಲ್ಲಗೆ ಕೆಳಗೆ ಬಿಟ್ಟು, 'ಅಯ್ಯೋ, ಇಲ್ಲೇ ಇದೆ' ಎನ್ನಬೇಕಾಯಿತು. ಆಕೆಗೆ ಆದ ಸಂತೋಷ ನೋಡಿ ನಾಚಿಕೆಯಿಂದ ಇವಳಿಗೆ ತಲೆ ಎತ್ತಲಾಗಲಿಲ್ಲ. ಆದರೆ ನಾಚಿಕೆಯ ಜೊತೆಗೇ ಇನ್ನೊಂದೂ ಇತ್ತು, ಅದನ್ನು ಒಪ್ಪಿಕೊಳ್ಳಲು ಸ್ವಲ್ಪ ಭಯವಾಯಿತು. ಅವಳಿಗೆ ಕುತೂಹಲವಾಗುತ್ತಿತ್ತು. ಮರಿಗಳು ಎಲ್ಲೋ ಕಣ್ಣು ಮುಚ್ಚಿ ಬಾಯಿ ತೆರೆದು ಕಾಯುತ್ತಿರುವಾಗ, ಇವಳ ಮನಸ್ಸಿನ ಒಂದು ಮೂಲೆ ಮಾತ್ರ ಜಾತ್ರೆಗೆ ಬಂದ ಮಗುವಿನ ಹಾಗೆ ಆ ಓಣಿಯನ್ನು ನೋಡುತ್ತಿತ್ತು. ಬೂದಿ ದಿನಾ ನೋಡುವುದು ಇದನ್ನೇ? ಈ ತೂತಿನಲ್ಲಿ ನುಗ್ಗುತ್ತಾಳೆಯೇ? ಇಷ್ಟೆಲ್ಲ ಇರುವಾಗ 'ನನಗೆಲ್ಲ ಗೊತ್ತು' ಎಂದೆನಲ್ಲ, ಗೊತ್ತಿದ್ದದ್ದು ಏನು, ತಟ್ಟೆಯೊಂದೇ ತಾನೆ.

ಮರಿ ಸಿಗಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಹಿತ್ತಲಿಗೆ ಬಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಅಕ್ಕ ಡ್ಯೂಟಿ ಮುಗಿಸಿ ಬಂದು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. 'ಗೊತ್ತಿಲ್ಲ ಅಂತ ಹೇಳೋಕೆ ಏನಾಗಿತ್ತೇ ನಿನಗೆ?' ಎಂದಳು. ಅದಕ್ಕೆ ಇವಳ ಹತ್ತಿರ ಉತ್ತರವಿತ್ತು. ಆದರೆ ಉತ್ತರ ಕೊಡಬೇಕಾದರೆ ನಿನ್ನೆಯ ಕೌಂಟರಿನಿಂದ ಶುರುಮಾಡಬೇಕು, ಗುಬ್ಬಿ ಒಳಗೆ ಕೋಣೆಯಲ್ಲೇ ಇದ್ದಳು. 'ಏನೋ ಬಾಯಿಗೆ ಬಂತು' ಎಂದಳು. ಅಕ್ಕ ನಿಟ್ಟುಸಿರು ಬಿಟ್ಟು, 'ಹೋಗ್ಲಿ, ಮೊದಲು ಏನಾದ್ರೂ ತಿನ್ನು. ನೀನು ಉಪವಾಸ ಕೂತ್ರೆ ಅವಕ್ಕೆ ಹೊಟ್ಟೆ ತುಂಬುತ್ತಾ?' ಎಂದು ಒಳಗೆ ಹೋದಳು.

ಅವಳು ತಲೆ ಎತ್ತಿದಾಗ ಗೋಡೆಯ ಮೇಲೆ ಬೂದಿ ಕೂತಿದ್ದಳು.

ಮೊದಲಿಗೆ ಅವಳಿಗೆ ಏನೂ ಅನ್ನಿಸಲಿಲ್ಲ. ದಿನಾ ಬರುವ ಹೊತ್ತು, ದಿನಾ ಕೂರುವ ಜಾಗ. ತಟ್ಟೆ ತರಲು ಏಳುತ್ತ ಅರ್ಧಕ್ಕೆ ನಿಂತಳು. ಗಂಟಲಲ್ಲಿ ಬಿಳಿ ಮಚ್ಚೆ. ಮೂಗಿನ ಪಕ್ಕ ಮಸಿ. ಎರಡೂ ಕಿವಿ ನೆಟ್ಟಗೆ, ತುದಿಯ ತನಕ ಪೂರ್ತಿ. ಆಸ್ಪತ್ರೆಯಿಂದ ತಪ್ಪಿಸಿಕೊಂಡು ಬಂತೇ? ಕಿವಿ? ಆಪರೇಶನ್ ಆಗಿಲ್ಲವೇ? ಅಥವಾ ಬೆಳಿಗ್ಗೆಯಿಂದ ನಡೆದದ್ದೇ ನಡೆದಿಲ್ಲವೇ, ಬೋನಿನ ಬಾಗಿಲು ಇನ್ನೂ ಬಿದ್ದಿಲ್ಲವೇ? ಆ ಒಂದು ಗಳಿಗೆ ಅವಳು ಅದನ್ನು ನಿಜವಾಗಿಯೂ ನಂಬಿದಳು, ನಂಬಿ ಮೈ ಹಗುರಾಯಿತು. ಆಮೇಲೆ ಆಸ್ಪತ್ರೆಗೆ ಫೋನು ಹಚ್ಚಿದಳು.

'ಡಾಕ್ಟ್ರೇ, ನಮ್ಮ ಬೆಕ್ಕು ಅಲ್ಲೇ ಇದೆಯಾ?'

'ಇಲ್ಲೇ ಇದೆಯಲ್ಲ. ಕಣ್ಣು ಬಿಟ್ಕೊಂಡು ನನ್ನನ್ನೇ ಗುರಾಯಿಸ್ತಾ ಇದೆ. ಯಾಕೆ?'

'ಇಲ್ಲಿ ಗೋಡೆ ಮೇಲೂ ಇದೆ.'

'ನೀವು ಊಟ ಮಾಡಿದ್ರಾ?' ಎಂದು ಡಾಕ್ಟರಮ್ಮ ಮೆತ್ತಗೆ ಕೇಳಿದಳು.

ಗೋಡೆಯ ಮೇಲಿನದು ಇವಳನ್ನು ನೋಡಿತು. ಬೆಳಿಗ್ಗೆ ದುಂಡಗೆ, ಸಂಜೆ ಸೊರಗಿ. ಬೆಳಿಗ್ಗೆ ಮೀನಿನ ತಲೆ ಮೊದಲು, ಸಂಜೆ ತಲೆಯನ್ನು ಬಿಟ್ಟು. ಬೆಳಿಗ್ಗೆ ಬಲಗಡೆಯಿಂದ ಹಾರಿ, ಸಂಜೆ ಎಡಗಡೆಯಿಂದ. ಎಲ್ಲವನ್ನೂ ಅವಳು ನೋಡಿದ್ದಳು, ಒಂದನ್ನೂ ಬಿಟ್ಟಿರಲಿಲ್ಲ. ನೋಡಿ, ಎಷ್ಟು ವಿಚಿತ್ರ ಸ್ವಭಾವ ನಮ್ಮ ಬೂದಿಯದು ಎಂದು ಮೆಚ್ಚಿಕೊಂಡಿದ್ದಳು. ಬಿಳಿಯೊಳಗೆ ಹತ್ತು ಬಿಳಿ ಹುಡುಕುವ ಕಣ್ಣು ಎರಡು ಬೆಕ್ಕುಗಳನ್ನು ಹಿಡಿದು ಒಂದು ಮಾಡಿತ್ತು. ಹಾಗಾದರೆ ತನ್ನನ್ನು ಗುರುತು ಹಿಡಿಯುತ್ತಾಳೆ ಎಂದುಕೊಂಡಿದ್ದಳಲ್ಲ, ಯಾವಳು? ಜ್ವರ ಬಂದು ಮಲಗಿದ್ದಾಗ ಬಚ್ಚಲ ಕಿಟಕಿಯ ತನಕ ಬಂದು ಇಣುಕಿದ್ದು ಇವಳೋ ಅವಳೋ? ಆಪರೇಶನ್ನಿಗೆ ಮುಂಚೆ ಹೊಟ್ಟೆ ನೋಡಿ, ತೆಳ್ಳಗಿದೆ, ಬಸುರಿಲ್ಲ ಎಂದು ತೀರ್ಮಾನಿಸಿದ್ದು ಸಂಜೆಯವಳನ್ನು ನೋಡಿ. ಹಿಡಿದುಕೊಟ್ಟದ್ದು ಬೆಳಗಿನವಳನ್ನು. ಅವಳಿಗೆ ನಗು ಬಂತು. ತಟ್ಟೆ ತುಂಬ ಮೀನು ತಂದಿಟ್ಟು, ಈ ಸಲ ಒಳಗೆ ಹೋಗಲಿಲ್ಲ. ಬೆಕ್ಕು ಇಳಿದು, ಇವಳ ಮೇಲೊಂದು ಕಣ್ಣಿಟ್ಟುಕೊಂಡೇ ಗಬಗಬ ತಿಂದಿತು. ಸಂಜೆಯವಳನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು. ತಿನ್ನುವಾಗ ಬಗ್ಗಿದ ಹೊಟ್ಟೆಯ ಕೆಳಗೆ ಕೂದಲು ಗುಂಡಗೆ ಸವೆದಿತ್ತು, ನಡುವೆ ಕೆಂಪಗೆ ಮೊಲೆತೊಟ್ಟುಗಳು. ಇದಕ್ಕೂ ಹಾಲಿತ್ತು.

ಬೆಕ್ಕು ಗೋಡೆ ಹಾರಿತು. ಇವಳು ಮುಂಬಾಗಿಲಿನಿಂದ ಸುತ್ತಿ ಓಣಿಗೆ ಓಡಿದಳು. ಓಡಿ ಎಷ್ಟು ಕಾಲವಾಗಿತ್ತು! ಓಣಿಯ ಕೊನೆಯಲ್ಲಿ ಬೂದು ಬಾಲವೊಂದು ತಗಡಿನ ಗೇಟಿನ ಕೆಳಗೆ ಮಾಯವಾಯಿತು. ಗೇಟಿನಾಚೆ ಹಳೆ ಬಾಗಿಲು-ಕಿಟಕಿ ಮಾರುವವನ ಅಂಗಳ. ಒಡೆದ ಮನೆಗಳಿಂದ ಬಂದ ಬಾಗಿಲುಗಳು ಸಾಲುಸಾಲಾಗಿ ಗೋಡೆಗೆ ಒರಗಿ ನಿಂತಿದ್ದವು. ಕೆಲವಕ್ಕೆ ಇನ್ನೂ ಚಿಲಕವಿತ್ತು, ಒಂದರ ಮೇಲೆ ಮಗುವೊಂದು ಬಣ್ಣದ ಕಡ್ಡಿಯಿಂದ ಗೀಚಿದ ಸೂರ್ಯನಿದ್ದ. ಬಾಗಿಲಂಗಡಿಯವನು ಲೆಕ್ಕವಿಲ್ಲದಷ್ಟು ಮೊಳೆಗಳನ್ನು ಡಬ್ಬಿಗೆ ತುಂಬುತ್ತ ಕೂತಿದ್ದ. 'ಬೆಕ್ಕಾ? ಅಲ್ಲಿ ಹಿಂದೆ ಮರಿ ಹಾಕೈತೆ ನೋಡಿ. ಒಂದೇ ಬೆಕ್ಕು, ಎಷ್ಟು ಮರಿ ಅಂತೀರಿ! ನಾನೂ ಬೇಕಾದಷ್ಟು ಬೆಕ್ಕು ನೋಡಿದೀನಿ, ಹಿಂಗೆ ಹಾಕಿದ್ದು ನೋಡಿಲ್ಲಮ್ಮ' ಎಂದ. ಪರವಾಗಿಲ್ಲ, ಇವನ ಕಣ್ಣಿಗೂ ಒಂದೇ ಬೆಕ್ಕು. ಯಾಕೋ ಅವಳಿಗೆ ಅಷ್ಟಕ್ಕೇ ಅವನ ಮೇಲೆ ಅಕ್ಕರೆ ಹುಟ್ಟಿತು.

ಅವನು ಕೊಟ್ಟ ಟಾರ್ಚು ಹಿಡಿದು ಬಾಗಿಲುಗಳ ಹಿಂದಿನ ಸಂದಿಗೆ ಕಣ್ಣಿಟ್ಟಳು. ಗೋಡೆಗೂ ಬಾಗಿಲುಗಳಿಗೂ ನಡುವೆ ಗೂಡಿನಂಥ ಜಾಗ, ಕೆಳಗೆ ಗೋಣಿಚೀಲ. ಸಂಜೆಯವಳು ಅಡ್ಡ ಮಲಗಿದ್ದಳು. ಹೊಟ್ಟೆಯುದ್ದಕ್ಕೂ ಮರಿಗಳು. ಕೆಲವು ಕಣ್ಣು ತೆರೆದು ಕಾಲ ಮೇಲೆ ನಿಲ್ಲಲು ಕಲಿತವು, ಕೆಲವು ಇನ್ನೂ ಇಲಿಮರಿಯಂತೆ, ಅರೆಗಣ್ಣು, ಕಿವಿ ತಲೆಗೆ ಅಂಟಿದವು. ಎರಡು ಬಾಣಂತಿಯರ ಮಕ್ಕಳು ಒಂದೇ ಸಾಲಿನಲ್ಲಿ. ಪುಟ್ಟದೊಂದು ದೊಡ್ಡದರ ಬೆನ್ನಿನ ಮೇಲೆ ಹತ್ತಿ ಜಾಗ ಹುಡುಕುತ್ತಿತ್ತು, ಬೆಕ್ಕು ಕಾಲಿನಿಂದ ಅದನ್ನು ಕೆಳಗೆ ತಳ್ಳಿ ತನ್ನ ಮೊಲೆಯ ಹತ್ತಿರ ಎಳೆದುಕೊಂಡಿತು. ಅವು ಸಾಯುವುದಿಲ್ಲ. ಇವತ್ತಂತೂ ಸಾಯುವುದಿಲ್ಲ. ಅವಳು ಮಣ್ಣಿನಲ್ಲೇ ಕೂತುಬಿಟ್ಟಳು. ನಿನ್ನೆ ಸಂಜೆ ಈ ಹೊಟ್ಟೆಗೇ ಊಟ ಹಾಕದೆ ಕಳಿಸಿದ್ದು ಆಮೇಲೆ ನೆನಪಾಯಿತು.

ಡಾಕ್ಟರಮ್ಮನಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದಳು, ಸುಳ್ಳು ಹೇಳಿದ್ದನ್ನೂ. 'ಅಕ್ಕತಂಗಿ ಇರಬೇಕು ಬಿಡಿ, ಕೆಲವು ಸಲ ಹಾಗೆ ಒಟ್ಟಿಗೆ ಸಾಕ್ತವೆ' ಎಂದು ಡಾಕ್ಟರಮ್ಮ ನಕ್ಕಳು. ಆಮೇಲೆ ನಗು ನಿಲ್ಲಿಸಿ, 'ಒಂದು ವಿಷಯ. ನಾಳೆ ಇದನ್ನ ಬಿಟ್ಟಾಗ ಅದು ಸೇರಿಸ್ಕೊಳ್ಳುತ್ತೆ ಅಂತ ಹೇಳೋಕಾಗಲ್ಲ. ಇದಕ್ಕೆ ಆಸ್ಪತ್ರೆ ವಾಸನೆ ಹತ್ತಿರುತ್ತೆ. ಸ್ವಂತ ಅಕ್ಕನೇ ಆದ್ರೂ ಯಾರೋ ಅಂದ್ಕೊಂಡು ಓಡಿಸಿಬಿಡಬಹುದು. ಹೊಲಿಗೆ ಹಾಕಿದ ಹೊಟ್ಟೆ, ಕಚ್ಚಾಟ ಆದ್ರೆ ಕಷ್ಟ. ಒಂದರ ಹಾಲಲ್ಲಿ ಅಷ್ಟೂ ಮರಿ ಬದುಕೋದೂ ಕಷ್ಟ. ಆ ಗೋಣಿಚೀಲದ್ದೊಂದು ತುಂಡು ತನ್ನಿ, ಬೋನಲ್ಲಿ ಹಾಕೋಣ, ಗೂಡಿನ ವಾಸನೆ ಹತ್ತಲಿ' ಎಂದಳು.

ಬೆಳಿಗ್ಗೆ ಗುಬ್ಬಿ ತಾನೂ ಬರುತ್ತೇನೆಂದು ಹೊರಟಳು. ಕೌಂಟರಿನ ಆ ದಿನದಿಂದ ಇಬ್ಬರೂ ಜಗಳವಾಡಿರಲಿಲ್ಲ, ಮಾತು ಬಿಟ್ಟಿರಲಿಲ್ಲ, ಆದರೆ ಒಂದೇ ಬಾಗಿಲಲ್ಲಿ ಎದುರಾದಾಗ 'ನೀನು ಹೋಗು' 'ಇಲ್ಲ, ನೀನು ಹೋಗು' ಎನ್ನುವುದು ಶುರುವಾಗಿತ್ತು. ಆಸ್ಪತ್ರೆಯಿಂದ ಬೋನನ್ನು ಇಬ್ಬರೂ ಒಂದೊಂದು ಕಡೆ ಹಿಡಿದುಕೊಂಡು ಬಾಗಿಲಂಗಡಿಯ ಅಂಗಳಕ್ಕೆ ಬಂದರು. ಗೋಣಿಯ ತುಂಡಿನ ಮೇಲೆ ಮುದುಡಿದ್ದ ಬೆಳಗಿನವಳ ಎಡಗಿವಿಯ ತುದಿ ಕತ್ತರಿಯಲ್ಲಿ ಗೆರೆ ಎಳೆದಂತೆ ನೇರವಾಗಿ ಹೋಗಿತ್ತು. ಇನ್ನು ಮುಂದೆ ಯಾರೂ ಇವಳನ್ನು ಅವಳೆಂದುಕೊಳ್ಳುವ ಹಾಗಿಲ್ಲ. ಬಾಗಿಲುಗಳಿಂದ ಸ್ವಲ್ಪ ದೂರದಲ್ಲಿ ಬೋನು ತೆರೆದು ಹಿಂದೆ ಸರಿದು, ಮಂಚದ ಹಳೆಯ ಚೌಕಟ್ಟಿನ ಮರೆಯಲ್ಲಿ ಕೂತರು. ಬೆಕ್ಕು ಬೇಗ ಹೊರಬರಲಿಲ್ಲ. ಬಂದಾಗ ನೆಲಕ್ಕೆ ಮೈ ತಾಗಿಸಿಕೊಂಡು ನೇರ ಗೂಡಿನತ್ತ ಹೋಯಿತು. ಸಂದಿಯ ಬಾಯಿಗೆ ಬಂದದ್ದೇ ಒಳಗಿನಿಂದ ಬುಸ್ ಎಂಬ ಸದ್ದು. ಸಂಜೆಯವಳ ಮುಖ ಹೊರಬಂತು, ಕಿವಿಗಳು ಹಿಂದಕ್ಕೆ, ಬಾಯಿ ಅಗಲ. ಬೆಳಗಿನವಳು ತಿರುಗಿ ಬುಸುಗುಟ್ಟಲಿಲ್ಲ. ಎರಡು ಹೆಜ್ಜೆ ಹಿಂದೆ ಬಂದು, ಬೆನ್ನು ತಿರುಗಿಸಿ ಕೂತು, ಏನೂ ಆಗಿಲ್ಲವೆಂಬಂತೆ ಮುಂಗಾಲು ನೆಕ್ಕತೊಡಗಿದಳು. ಇವಳಿಗೆ ನೋಡಲಾಗಲಿಲ್ಲ. ಕಾಲೇಜಿನ ಗೋಡೆಗೆ ಒರಗಿ ನಿಂತು ತಾನು ಓದಿದ ನೋಟಿಸಿನಲ್ಲಿ ಏನಿತ್ತೆಂದು ಈಗಲೂ ನೆನಪಿಲ್ಲ. ಒಳಗೆ ಪುಟ್ಟವು ಅಳುತ್ತಿದ್ದವು, ಆ ಸದ್ದಿಗೆ ಬೆಳಗಿನವಳ ಕತ್ತರಿಸಿದ ಕಿವಿ ಹಿಂದಕ್ಕೆ ತಿರುಗಿ ತಿರುಗಿ ಬರುತ್ತಿತ್ತು. ಇದನ್ನು ಈ ಗತಿಗೆ ತಂದದ್ದು ತಾನು. ನಂದೇ ಎಂದು ಹೇಳಿ ತಂದದ್ದು.

'ಚಿಕ್ಕಮ್ಮ, ಊಟ ಎಲ್ಲಿಟ್ಟಿದೀಯಾ?' ಎಂದು ಗುಬ್ಬಿ ಪಿಸುಗುಟ್ಟಿದಳು.

'ತಟ್ಟೆ ತಂದಿದೀನಲ್ಲ.'

'ಒಂದೇ?'

ಒಂದೇ. ಎರಡು ಬೆಕ್ಕು ಎಂದು ಗೊತ್ತಾದ ಮೇಲೂ ಕೈ ಒಂದೇ ತಟ್ಟೆ ಎತ್ತಿಕೊಂಡು ಬಂದಿತ್ತು. ಗುಬ್ಬಿ ತನ್ನ ಊಟದ ಡಬ್ಬಿಯ ಮುಚ್ಚಳ ತೆಗೆದು ಮೀನನ್ನು ಎರಡು ಪಾಲು ಮಾಡಿದಳು. ಮೆಲ್ಲಗೆ ಎದ್ದು, ತಟ್ಟೆಯನ್ನು ಅಂಗಳದ ಆ ತುದಿಗೆ, ಗೇಟಿನ ಹತ್ತಿರ ಇಟ್ಟು, ಮುಚ್ಚಳವನ್ನು ಬೆಳಗಿನವಳ ಹತ್ತಿರ ಜಾರಿಸಿ ಬಂದಳು. ಬೆಳಗಿನವಳು ಮೂಸಿಯೂ ನೋಡಲಿಲ್ಲ. ಮೀನಿನ ವಾಸನೆ ಗೂಡಿನೊಳಗೆ ಹೋಗಿರಬೇಕು. ಆದರೂ ಸಂಜೆಯವಳು ಹೊರಬರಲಿಲ್ಲ.

ಬಾಗಿಲಂಗಡಿಯವನು ಬಂದು ಇವರ ಪಕ್ಕ ಕುಕ್ಕರಗಾಲಲ್ಲಿ ಕೂತ. ಇವತ್ತು ಎರಡು ಬೆಕ್ಕುಗಳನ್ನು ಒಟ್ಟಿಗೆ ನೋಡಿ ಅವನು ಬಾಯಿ ತೆರೆದವನು ಮುಚ್ಚಿರಲಿಲ್ಲ. 'ಅಲ್ಲಮ್ಮ, ಇದರಲ್ಲಿ ತಾಯಿ ಯಾವುದು?' ಎಂದ. ಕೆಲವಕ್ಕೆ ಅದು, ಕೆಲವಕ್ಕೆ ಇದು ಎಂದಳು ಅವಳು. ಅವನು ತಲೆಯಾಡಿಸಿ, ಗುಬ್ಬಿಯ ಕಡೆ ನೋಡಿ ನಕ್ಕು, 'ಮಗಳಾ?' ಎಂದು ಕೇಳಿದ.

'ಅಲ್ಲ, ಅಕ್ಕನ ಮಗಳು,' ಎಂದಳು ಅವಳು.

ಬೇಗ ಹೇಳಿದ್ದಳು. ಗುಬ್ಬಿಯ ಬಾಯಿಯನ್ನು ತಡೆಯುವವಳಂತೆ, ಆ ಮಾತು ಇನ್ನೊಮ್ಮೆ ತನಗೆ ತಾಗುವ ಮುಂಚೆ ತಾನೇ ಹೇಳಿ ಮುಗಿಸಿಬಿಡುವವಳಂತೆ. ಹೇಳಿ, ಗೆದ್ದೆ ಎಂದುಕೊಂಡು ಪಕ್ಕಕ್ಕೆ ನೋಡಿದರೆ ಗುಬ್ಬಿಯ ಮುಖ ಬೇರೆಯಾಗಿತ್ತು. ಹುಡುಗಿ ಬಾಯಿ ತೆರೆದಿದ್ದಳು. ಏನೋ ಹೇಳಲು ಹೊರಟಿದ್ದಳು, ಏನೆಂದು ಇನ್ನು ಯಾವತ್ತೂ ತಿಳಿಯುವುದಿಲ್ಲ. ಬಾಯಿ ಮುಚ್ಚಿ, ಉಗುರಿನಿಂದ ಮಂಚದ ಬಣ್ಣ ಕೆರೆಯತೊಡಗಿದಳು. ಕೆನ್ನೆ ಕೆಂಪಾಗಿತ್ತು. ಈ ಮುಖವನ್ನು ಹಲ್ಲಿಲ್ಲದ ದಿನದಿಂದ ನೋಡಿದ್ದೇನೆ, ಇದರ ವಿಷಯ ನನಗೆಲ್ಲ ಗೊತ್ತು ಎಂದುಕೊಂಡಿದ್ದಳು. ಅದಕ್ಕೂ ನೋಯುತ್ತದೆ ಎಂಬುದೊಂದು ಗೊತ್ತಿರಲಿಲ್ಲ.

ಆಗ ಸಂಜೆಯವಳು ಹೊರಬಂದಳು. ಹಸಿವು ತಡೆಯದೆ ಇರಬೇಕು. ಬೆಳಗಿನವಳನ್ನು ದೂರದಿಂದ ಬಳಸಿಕೊಂಡು, ಹಲ್ಲು ಕಿರಿದು, ಗೇಟಿನ ಹತ್ತಿರದ ತಟ್ಟೆಗೆ ಹೋಗಿ ಬಾಯಿ ಹಾಕಿದಳು. ಬೆಳಗಿನವಳು ನೆಕ್ಕುವುದನ್ನು ನಿಲ್ಲಿಸಿದಳು. ಎದ್ದಳು. ಅವಸರವಿಲ್ಲದೆ, ಹೊಲಿಗೆ ಹಾಕಿದ ಹೊಟ್ಟೆಯನ್ನು ಎಳೆದುಕೊಂಡು ಸಂದಿಯೊಳಗೆ ಹೋದಳು. ಒಳಗಿನ ಅಳು ಒಮ್ಮೆಗೇ ಏರಿ, ನಿಂತಿತು.

ತಟ್ಟೆ ಖಾಲಿಯಾಯಿತು. ಸಂಜೆಯವಳು ಮೀಸೆ ಒರಸಿಕೊಂಡು ವಾಪಸು ಬಂದು ಸಂದಿಯ ಬಾಯಲ್ಲಿ ನಿಂತಳು. ಮೂಗು ಚಾಚಿ ಮೂಸಿದಳು. ಬುಸ್ ಎಂದಳು, ಆದರೆ ಈ ಸಲ ದನಿಯಲ್ಲಿ ಮೊದಲಿನ ಜೋರಿರಲಿಲ್ಲ. ಗುಬ್ಬಿಯ ಬೆರಳು ಇವಳ ತೋಳನ್ನು ಕಚ್ಚಿ ಹಿಡಿದಿತ್ತು, ನೋಯುತ್ತಿತ್ತು. ಬೆಕ್ಕು ಇನ್ನೊಮ್ಮೆ ಮೂಸಿತು. ಮೂಸಿ, ಒಳಗೆ ಹೋಯಿತು. ಕಚ್ಚಾಟದ ಸದ್ದಿಗೆ ಕಾದರು. ಬರಲಿಲ್ಲ. ಬಾಗಿಲಂಗಡಿಯವನು ತಡೆಯಲಾರದೆ ಟಾರ್ಚು ಹಿಡಿದು ತೆವಳಿಕೊಂಡು ಹೋಗಿ, ಇವರತ್ತ ತಿರುಗಿ, ಬಾ ಎಂದು ಕೈ ಮಾಡಿದ. ಗೋಣಿಯ ಆ ತುದಿಯಲ್ಲೊಂದು, ಈ ತುದಿಯಲ್ಲೊಂದು, ಒಂದಕ್ಕೊಂದು ಮುಖ ತಿರುಗಿಸಿಕೊಂಡು ಮಲಗಿದ್ದವು. ರಾಜಿಯೆಂದು ಹೇಳುವ ಹಾಗಿರಲಿಲ್ಲ. ನಡುವೆ ಮರಿಗಳು, ಪುಟ್ಟವು ದೊಡ್ಡವು ಎಲ್ಲ ಕಲಸಿಹೋಗಿ, ಯಾವುದು ಹತ್ತಿರವೋ ಆ ಹೊಟ್ಟೆಗೆ ಬಾಯಿ ಹಾಕಿ ಮಗ್ನವಾಗಿದ್ದವು.

ಹೊರಗೆ ಬಂದು ಇಬ್ಬರೂ ಬಟ್ಟೆಯ ಮಣ್ಣು ಕೊಡವಿಕೊಂಡರು. ಲ್ಯಾಬಿಗೆ ಹೊತ್ತಾಗಿತ್ತು. ಆ ಉದುರಿದ ಹಲ್ಲಿನ ಜೋಡಿ ಇನ್ನೂ ಹುಡುಕಬೇಕು. ಮರಿಗಳು ಹಾಲು ಬಿಟ್ಟ ಮೇಲೆ ಸಂಜೆಯವಳನ್ನೂ ಹಿಡಿಯಬೇಕು, ಆಗ ಅದರ ಕಿವಿಯೂ ಇದರಂತೆಯೇ ಆಗುತ್ತದೆ, ಮತ್ತೆ ಯಾವುದು ಯಾವುದೆಂದು ತಿಳಿಯುವುದಿಲ್ಲ ಎಂದು ಅವಳು ಯೋಚಿಸುತ್ತಿದ್ದಳು.

'ಚಿಕ್ಕಮ್ಮ,' ಎಂದಳು ಗುಬ್ಬಿ, ಬಾಗಿಲಿನ ಮೇಲಿನ ಬಣ್ಣದ ಸೂರ್ಯನನ್ನು ನೋಡುತ್ತ. 'ಮೊನ್ನೆ ಕಾಲೇಜಲ್ಲಿ ನಾನೂ ಹೀಗೇ ಹೇಳಿದ್ನಾ? ಇಷ್ಟು ಬೇಗ?'

'ಹೂಂ.'

'ನೋವಾಯ್ತಾ?'

ಇಲ್ಲ ಎನ್ನಬಹುದಿತ್ತು. 'ಆಯ್ತು' ಎಂದಳು.

'ನನಗೂ ಈಗ ಆಯ್ತು' ಎಂದು ಹುಡುಗಿ ಖಾಲಿ ತಟ್ಟೆಯನ್ನು ಎತ್ತಿಕೊಳ್ಳಲು ಬಗ್ಗಿದಳು.